ಕಾಸಿಮೇಡಿನ ವಿಳಾಸ

ಬಾಗಿಲು ತೆಗೆದ ಭವಾನಿ ಕೂಡಲೇ ಮುಚ್ಚಲು ಹೋದಳು. ಹೊಸ್ತಿಲಾಚೆ ನಿಂತಿದ್ದವನು ಕೊಟ್ರಪ್ಪ.

"ಅಪ್ಪಾ, ನಾನ್ ಕೀಳೆ ನಿಕ್ಕಿರೇನ್," ಎಂದು ತಮಿಳಿನಲ್ಲಿ, ಕೆಳಗೆ ನಿಂತಿರುವುದಾಗಿ ಹೇಳಿ ಅವನ ಮಗಳು ಪಾವನಾ ಆತನ ಕೈಯನ್ನು ಗೋಡೆಗೆ ತಾಗಿಸಿ ಮೆಟ್ಟಿಲಿಳಿದು ಹೋದಳು. ಭವಾನಿಯ ಮುಖ ನೋಡಲಿಲ್ಲ.

"ಅಕ್ಕಾ, ಐದು ನಿಮಿಷ." ಕೊಟ್ರಪ್ಪನ ಕಪ್ಪು ಕನ್ನಡಕ ಭವಾನಿಯ ಭುಜದ ಪಕ್ಕಕ್ಕೆ ತಿರುಗಿತ್ತು. ಕಣ್ಣು ಪೂರ್ತಿ ಹೋಗಿ ಆರು ವರ್ಷವಾಗಿತ್ತು.

ಒಳಗೆ ಬಿಟ್ಟಳು. ಮೇಜಿನ ಮೇಲೆ ಸಂಜೆಯ ಭಾಷಣ ಅರ್ಧಕ್ಕೆ ನಿಂತಿತ್ತು. ನವೆಂಬರ್ ಏಳು. ಪ್ರತಿ ವರ್ಷ ಈ ದಿನ ವೆಸ್ಟ್ ಮಾಂಬಲಂನ ಸಭೆಯಲ್ಲಿ ರಷ್ಯದ ಕ್ರಾಂತಿಯ ಬಗ್ಗೆ ಮಾತಾಡುವವಳು ಆಕೆಯೇ. ಹುತಾತ್ಮ ರುದ್ರೇಶನ ಹೆಂಡತಿ.

ಎಪ್ಪತ್ತಾರನೇ ಇಸವಿ, ತುರ್ತುಪರಿಸ್ಥಿತಿಯ ಕಾಲ. ಬಳ್ಳಾರಿ ಕಡೆಯಿಂದ ಬಂದ ಗೆಳೆಯರಿಬ್ಬರು ಕ್ರೋಂಪೇಟೆಯ ಚರ್ಮದ ಕಾರ್ಖಾನೆಗಳ ಕೆಲಸಗಾರರಿಗೆ ಗುಡಿಸಲೊಂದರಲ್ಲಿ ಗುಟ್ಟಾಗಿ ಪಾಠ ಹೇಳುತ್ತಿದ್ದರು. ಕೊಟ್ರಪ್ಪನಿಗೆ ರಷ್ಯನ್ ಬರುತ್ತಿತ್ತು, ರುದ್ರೇಶನಿಗೆ ಮಾತು ಬರುತ್ತಿತ್ತು. ಬ್ರೆಡ್ಡಿಗೆ ಸಾಲು ನಿಂತ ಹೆಂಗಸರು ಬೀದಿಗಿಳಿದದ್ದು, ಗುಂಡು ಹಾರಿಸಲು ಬಂದ ಸೈನಿಕರು ಅವರ ಜೊತೆಗೇ ಸೇರಿಕೊಂಡದ್ದು, ಮುನ್ನೂರು ವರ್ಷದ ದೊರೆತನವನ್ನು ಝಾರ್ ಒಂದು ರೈಲು ಡಬ್ಬಿಯಲ್ಲಿ ಕೂತು ಬಿಟ್ಟುಕೊಟ್ಟದ್ದು. ರುದ್ರೇಶ ಹೇಳುತ್ತಿದ್ದರೆ ಆ ಗುಡಿಸಲಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ಮೊದಲು ಸಿಕ್ಕಿಬಿದ್ದವನು ಕೊಟ್ರಪ್ಪ. ಠಾಣೆಯಲ್ಲಿ ತಲೆಗೆ ಬಿದ್ದ ಏಟಿಗೆ ಮೂರು ದಿನ ಪ್ರಜ್ಞೆ ಇರಲಿಲ್ಲ. ನಾಲ್ಕನೆಯ ಬೆಳಿಗ್ಗೆ, ಕಾಸಿಮೇಡಿನ ಬಂದರಿನಲ್ಲಿ ಮೀನಿನ ಹರಾಜು ನಡೆಯುತ್ತಿದ್ದಾಗ, ಐಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅಡಗಿದ್ದ ರುದ್ರೇಶನನ್ನು ಪೊಲೀಸರು ಎಳೆದೊಯ್ದರು. ಆರು ತಿಂಗಳಿಗೆ ಜೈಲಿನಿಂದ ಹೆಣ ಬಂತು. ಹೊರಗಿನವರಲ್ಲಿ ಆ ವಿಳಾಸ ಗೊತ್ತಿದ್ದದ್ದು ಕೊಟ್ರಪ್ಪನೊಬ್ಬನಿಗೆ. ಯಾರೂ ಅವನನ್ನು ಏನೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಾಗಿಹೋಯಿತು.

ಭವಾನಿಗೆ ಅದೇ ವರ್ಷ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೂವತ್ತನಾಲ್ಕು ವರ್ಷ ಚರಿತ್ರೆ ಪಾಠ ಮಾಡಿದಳು. ಕೊಟ್ರಪ್ಪನನ್ನು ಯಾವ ಸಂಘವೂ ಹತ್ತಿರ ಸೇರಿಸಲಿಲ್ಲ. ರಷ್ಯನ್ ಕಲಿತವನು ಚಪ್ಪಲಿಗೆ ಅಟ್ಟೆ ಹೊಲಿದು ಬದುಕಿದ.

ಈಗ ಆತ ಅಂಗಿಯೊಳಗಿಂದ ರಿಜಿಸ್ಟರ್ಡ್ ಪೋಸ್ಟಿನ ಕವರೊಂದನ್ನು ತೆಗೆದ. ಅಂಟು ಬಿಚ್ಚಿರಲಿಲ್ಲ.

"ಹಳೇ ಕಡತ ಬೇಕಂತ ವಕೀಲರ ಕೈಲಿ ಅರ್ಜಿ ಹಾಕ್ಸಿದ್ದೆ. ನಾಕು ವರ್ಷಕ್ಕ ಬಂತು. ರುದ್ರೇಶನ ಜಾಗ ಯಾರು ಹೇಳಿದ್ದು ಅಂತ ಇದರಾಗ ಐತಿ."

"ಮಗಳ ಕೈಲಿ ಓದಿಸಬಹುದಿತ್ತು."

"ನಮ್ಮಪ್ಪ ಅಂಥವನಲ್ಲ ಅಂತ ನಂಬಿರಾಕಿ ಅವಳೊಬ್ಬಳೇ. ಅವಳಿಗೆ ಹೆಂಗ ಕೊಡ್ಲಿ? ಮೊದಲು ಗೊತ್ತಾಗಬೇಕಾದ್ದು ನಿಮಗ." ಕೊಟ್ರಪ್ಪನ ಬೆರಳು ಕವರಿನ ಅಂಚು ಸವರುತ್ತಿತ್ತು. "ಝಾರ್ ಬಿದ್ದಮ್ಯಾಲೆ ಪೊಲೀಸರ ಕಡತ ತೆಗೆದ್ರಲ್ಲ, ಸುಳಿವು ಕೊಟ್ಟವ ಅಂತ ಪಕ್ಷದಾಗ ದೊಡ್ಡ ಜಾಗದಾಗ ಕುಂತವನ ಹೆಸರೇ ಬಂತು. ಪರದೇಶದಾಗ ಇದ್ದವ ತಾನಾಗೇ ತಿರುಗಿ ಬಂದ. ಗುಂಡು ಹೊಡೆದ್ರು. ಅವಂಗ ತಾನೇನು ಮಾಡೀನಿ ಅಂತಾದ್ರೂ ಗೊತ್ತಿತ್ತು, ಅಕ್ಕಾ. ನನಗ ಆ ಮೂರು ದಿನ ನೆನಪೇ ಇಲ್ಲ. ಬಡಬಡಿಸಿದೆನೋ ಏನೋ. ನಲವತ್ತೊಂಬತ್ತು ವರ್ಷ ಅದನ್ನ ಕೇಳ್ಕೋತ ಬಂದೀನಿ."

ಭವಾನಿ ಕವರು ತೆಗೆದುಕೊಂಡಳು.

"ಕನಿಕರಕ್ಕ ಸುಳ್ಳು ಓದಬ್ಯಾಡ್ರಿ."

"ಕನಿಕರಕ್ಕೆ ನಾನು ಸುಳ್ಳು ಹೇಳುವವಳಲ್ಲ."

ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದೇ ಹಾಳೆ. ಆಕೆ ಅದನ್ನು ಎರಡು ಸಲ ಓದಿದಳು. ಆಮೇಲೆ ಮಡಿಸಿ ಭಾಷಣದ ಹಾಳೆಗಳ ಕೆಳಗೆ ಇಟ್ಟಳು.

"ಏನೈತ್ರಿ?"

"ತಾರೀಖು ಇದೆ. ಕಾಸಿಮೇಡಿನ ವಿಳಾಸ ಇದೆ."

"ಹೆಸರು?"

"ಕೊಟ್ರಪ್ಪ."

ಆತ ಅಳಲಿಲ್ಲ. ತಲೆಯಾಡಿಸಿದ, ಪರಿಚಯದವರ ಸಾವಿನ ಸುದ್ದಿ ಕೇಳಿದವನ ಹಾಗೆ. ಆಮೇಲೆ ನೆಲಕ್ಕೆ ಕೂತು, ಅಂಗೈಯಿಂದ ಮೊಸಾಯಿಕ್ ತಡವುತ್ತ ಆಕೆಯ ಪಾದ ಹುಡುಕಿದ. ಭವಾನಿ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಸಂಜೆ ಸಭೆಗೆ ಬನ್ನಿ. ಎಲ್ಲರ ಮುಂದೆ ನೀವೇ ಹೇಳಬೇಕು. ಮಗಳನ್ನೂ ಕರೆತನ್ನಿ."

"ಅವಳು ಬ್ಯಾಡ್ರಿ, ಅಕ್ಕಾ."

"ನನ್ನ ಗಂಡ ಒಬ್ಬನೇ ಸತ್ತ. ನಿಮಗೆ ಮಗಳಾದರೂ ಜೊತೆಗಿರುತ್ತಾಳೆ."

ಸಭೆಯಲ್ಲಿ ಅರವತ್ತು ಜನರಿದ್ದರು. ಭವಾನಿ ಚೆನ್ನಾಗಿ ಮಾತಾಡಿದಳು. ಅರಮನೆ ವಶವಾದ ರಾತ್ರಿ, ಕಾರ್ಖಾನೆ ಕಾರ್ಮಿಕರ ಕೈಗೆ ಬಂದ ಅಧಿಕಾರ, ಒಳಗಿದ್ದುಕೊಂಡೇ ಕತ್ತು ಕೊಯ್ದವರು. ಕೊನೆಗೆ, "ಇವತ್ತು ನಮ್ಮ ಕಡತವೂ ತೆರೆದಿದೆ," ಎಂದು ಕೊಟ್ರಪ್ಪನನ್ನು ವೇದಿಕೆಗೆ ಕರೆದಳು.

ಪಾವನಾ ಕೈಹಿಡಿದು ಹತ್ತಿಸಿದಳು. ಅಪ್ಪನಿಗೆ ಕೊನೆಗೂ ನ್ಯಾಯ ಸಿಗುತ್ತಿದೆ ಎಂದುಕೊಂಡು ಹೊಸ ಸೀರೆ ಉಟ್ಟು ಬಂದಿದ್ದಳು.

"ನಾನೇ ಹೇಳಿದ್ದು," ಎಂದ ಕೊಟ್ರಪ್ಪ ಮೈಕಿನಲ್ಲಿ. "ರುದ್ರೇಶನ್ನ ಹಿಡಿದುಕೊಟ್ಟವ ನಾನೇ. ಕಾಗದದಾಗ ಐತಿ."

"ಥೂ!" ಎಂದಿತು ಹಿಂದಿನ ಸಾಲು. ಯಾರೋ ಕುರ್ಚಿ ಒದ್ದರು. ಪಾವನಾ ಅಪ್ಪನ ಮುಖವನ್ನೇ ನೋಡಿದಳು.

"ಇವ್ವಳವು ನಾಳಾ... ಇಷ್ಟು ದಿನ ನನಗೂ ಹೇಳಲಿಲ್ಲವಾ?"

ಆತ ಬಾಯಿ ತೆರೆಯುವಷ್ಟರಲ್ಲಿ ಅವಳು ಕೈಬಿಟ್ಟಳು. ಮೆಟ್ಟಿಲಿಳಿದು, ಸಾಲುಗಳ ನಡುವೆ ಹಾದು, ಹೊರಟೇಹೋದಳು. ಕೊಟ್ರಪ್ಪ ಗಾಳಿಯಲ್ಲಿ ಕೈಚಾಚಿ ಎಡಕ್ಕೂ ಬಲಕ್ಕೂ ಹುಡುಕಿದ. ಯಾರೂ ಆ ಕೈ ಹಿಡಿಯಲಿಲ್ಲ. ವೇದಿಕೆಯ ಅಂಚು ಎಲ್ಲಿದೆಯೆಂದು ಕಾಲಿನಿಂದ ತಡಕುತ್ತ ಆತ ನಿಂತಿದ್ದಂತೆಯೇ ಭವಾನಿ ಮೈಕನ್ನು ತನ್ನತ್ತ ತಿರುಗಿಸಿಕೊಂಡು ಎಲ್ಲರಿಗೂ ವಂದನೆ ಹೇಳಿದಳು.

ಕಾರ್ಯದರ್ಶಿ ಗುರುಚರಣ ಬಾಗಿಲವರೆಗೂ ಬಂದ. "ಅಮ್ಮಾ, ಆ ಕಾಗದ ಕೊಟ್ಟರೆ ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸ್ತೀವಿ."

"ಬೇಡಪ್ಪ. ನನ್ನ ಗಂಡನ ಪ್ರಾಣ ತೆಗೆದ ಕಾಗದ. ನನ್ನ ಹತ್ತಿರವೇ ಇರಲಿ."

ಮನೆಗೆ ಬಂದವಳೇ ಗ್ಯಾಸ್ ಹಚ್ಚಿ ಹಾಳೆಯನ್ನು ಉರಿಗೆ ಹಿಡಿದಳು. ಮೊದಲು ಕಪ್ಪಾದದ್ದು, ಪುಟದ ಕೆಳಗೆ, ಮಾಹಿತಿ ಕೊಟ್ಟವರ ಜಾಗದಲ್ಲಿದ್ದ ಆಕೆಯದೇ ಸಹಿ.