ಭಯದ ಮಣಿ

"ನಾನು ಹೇಳಿದ್ ಭಯ ಆಯ್ತೇನವ್ವ?" ಎಂದು ಕೇಳುತ್ತಲೇ ಶಿವಮೂರ್ತಿ ಮೋನಿಕಾಳ ಶೆಡ್ಡಿನೊಳಕ್ಕೆ ಬಂದ. ಹಿಂದೆಯೇ ಅವನ ಹೆಂಡತಿ ಅಂಕಮ್ಮ. ಸಂತೆಗೆಂದು ದಬ್ಬೇಘಟ್ಟದಿಂದ ತುರುವೇಕೆರೆ ಬಸ್ಸು ಹತ್ತಿದವಳನ್ನು ಗಂಡ ಇಲ್ಲಿಗೇಕೆ ಕರೆತಂದನೋ ಅವಳಿಗೆ ತಿಳಿಯದು.

ಮೋನಿಕಾ ಉರಿಯ ಮುಂದೆ ಕೂತು ಗಾಜಿನ ಕಡ್ಡಿ ಕರಗಿಸಿ ಒಡವೆ ಮಾಡುವವಳು. ಬಂದವರು ಮನಸ್ಸಿನಲ್ಲಿರುವುದನ್ನು ಹೇಳಬೇಕು, ಅವಳು ಅದನ್ನು ಗಾಜಿಗೆ ತರಬೇಕು. ನಿವೃತ್ತರಾದ ಮೇಷ್ಟರ ಹೆಂಡತಿಗೆ 'ನಿರಾಳ' ಎಂಬ ಓಲೆ. ಓರಗಿತ್ತಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಹೊರಟವಳಿಗೆ ಹಸಿರು ಬಣ್ಣದ 'ಹೊಟ್ಟೆಕಿಚ್ಚು'. ಆ ಪುಣ್ಯಾತ್ಗಿತ್ತಿ ಅದನ್ನು ಹಾಕಿಕೊಂಡೇ ಹೋಗಿ ಹೋಳಿಗೆ ತಿಂದು ಬಂದಳು. ಒಂದೊಂದಕ್ಕೂ ಹೆಸರು ಬರೆದ ಚೀಟಿ ಕಟ್ಟಿರುತ್ತಿತ್ತು. ಜನರ ಎದೆಯೊಳಗಿನದು ತನಗೆ ಗೊತ್ತಾಗುತ್ತದೆ ಎಂಬ ಸಣ್ಣ ಜಂಬವೂ ಹುಡುಗಿಗೆ ಇತ್ತು.

ಅವಳು ಡಬ್ಬಿ ತೆರೆದಳು. ದಾರಕ್ಕೆ ಪೋಣಿಸಿದ ಒಂದೇ ಒಂದು ಕಪ್ಪು ಮಣಿ, ಗೋಲಿಯಷ್ಟು ದಪ್ಪ. ಒಳಗೆ ಒಂದು ಗಾಳಿಗುಳ್ಳೆ. ಚೀಟಿಯಲ್ಲಿ 'ಭಯ'.

"ನಿಂಗೇ ಕಣೇ," ಎಂದ ಶಿವಮೂರ್ತಿ. "ಹದಿನೆಂಟು ವರ್ಷದಿಂದ ನಾನು ಮರ ಹತ್ತಿದಾಗೆಲ್ಲ ನೀನು ಬೆನ್ನು ತಿರುಗ್ಸಿ ಕೂತ್ಕಂಡೆ. ತಲೆ ಎತ್ತಿ ನೋಡ್ಲೇ ಇಲ್ಲ. ಇನ್ ಹೆದ್ರಬ್ಯಾಡ ಬುಡು. ತಿಪಟೂರಲ್ಲಿ ಕೊಬ್ಬರಿ ಮಂಡಿ ಕಾಯೋ ಕೆಲ್ಸ ಒಪ್ಕಂಡೀವ್ನಿ. ನಾಳೆ ಗಂಗಾಧರಯ್ಯನೋರ ತೋಟ, ಅದೇ ಕೊನೆ."

ಕೊನೆಯ ಮಾತು ಹೇಳುವಾಗ ಅವನ ದನಿ ಇಳಿಯಿತು. ಕಾಯಿ ಕೀಳುವ ದೋಟಿಗೆ ಎಟುಕದ ತೆಂಗಿನ ಮರವಿದ್ದರೆ ದಂಡಿನಶಿವರದವರೂ ಅವನಿಗೇ ಹೇಳಿ ಕಳಿಸುತ್ತಿದ್ದರು. ಮರ ಬಿಟ್ಟರೆ ತಾನು ಹತ್ತರಲ್ಲಿ ಹನ್ನೊಂದು ಎಂದು ಅವನಿಗೂ ಗೊತ್ತಿತ್ತು. ಆ ಸಂಕಟವನ್ನು ಹೆಂಡತಿಗಾಗಿ ನುಂಗಿಕೊಂಡಿದ್ದ.

ಅಂಕಮ್ಮ ಮಣಿಯನ್ನು ಬೆಳಕಿಗೆ ಹಿಡಿದಳು. "ಈ ಗುಳ್ಳೆ ಯಾಕವ್ವ ಹಂಗೇ ಬುಟ್ಟಿದೀಯ?"

"ಬಿಟ್ಟಿದ್ದಲ್ಲಕ್ಕ, ಬೇಕಂತ್ಲೇ ಹಿಡ್ದಿದ್ದು. ಅಣ್ಣ ಮರದ ಮೇಲಿದ್ದಾಗ ನೀವು ಉಸ್ರು ಬಿಗಿ ಹಿಡೀತೀರಲ್ಲ, ಅದು."

"ಉಸ್ರು ಹಿಡಿಯಾದು ದಿಟ. ಭಯ ಅಂತ ಯಾರಂದ್ರು?"

"ಮತ್ತೆ ಬೆನ್ನು ಯಾಕೆ ತಿರುಗಿಸ್ತಿದ್ದೆ?" ಎಂದ ಶಿವಮೂರ್ತಿ.

ಅಂಕಮ್ಮ ಸೆರಗು ಸರಿಮಾಡಿಕೊಂಡಳು. ನಾಚಿಕೆಯಾಗಿತ್ತು. "ಮದ್ವೆ ಆದ ಹೊಸದ್ರಲ್ಲಿ ಕೆರೆ ಏರಿ ಪಕ್ಕದ ಬಾಗಿದ ಮರ ಹತ್ತಿದ್ಯಲ್ಲ. ನಾಕು ಜನ ಆಗಕಿಲ್ಲ ಅಂತ ಕೈಬುಟ್ಟಿದ್ ಮರ. ಇವ್ನು ನನ್ ಗಂಡ ಅಂತ ಕಣ್ತುಂಬ ನೋಡ್ದೆ ಕಣಯ್ಯ. ಇಳಿಯೋವಾಗ ನೀನು ಜಾರಿ ತೊಡೆಯೆಲ್ಲ ತರಚ್ಕಂಡೆ. ನನ್ ಕಣ್ಣೇ ತಗುಲ್ತು. ಬ್ಯಾರೇರ್ ದೃಷ್ಟಿ ಆದ್ರೆ ನಾನು ತೆಗೀತೀನಿ, ನನ್ ದೃಷ್ಟೀನ ಯಾರು ತೆಗೀತಾರೆ? ಅವತ್ತಿಂದ ನೋಡಾದ್ ಬುಟ್ಟೆ."

ಮೋನಿಕಾಳ ಮುಖ ಸಪ್ಪಗಾಯಿತು. "ಕೊಡಿ ಅಕ್ಕ, ನಾನೇ ತಪ್ಪು ತಿಳ್ಕೊಂಡೆ. ಬೇರೆ ಮಾಡಿ ಕೊಡ್ತೀನಿ."

"ಯಾಕೆ? ಕರ್ರಗೈತೆ, ಕಣ್ಣಂಗೆ ಒಳಗೊಂದು ಗುಳ್ಳೆ ಐತೆ. ಇದ್ಕಿಂತ ದೃಷ್ಟಿಮಣಿ ಎಲ್ ಸಿಕ್ತದೆ?" ಅಂಕಮ್ಮ ಚೀಟಿಯನ್ನು ಕಿತ್ತು ಹುಡುಗಿಯ ಕೈಗಿತ್ತಳು. ಮಣಿಯನ್ನು ಗಂಡನ ಕೊರಳಿಗೆ ಕಟ್ಟಿ ಗಂಟನ್ನು ಎರಡು ಸಲ ಜಗ್ಗಿ ನೋಡಿದಳು. "ಮಂಡಿ ಕಾಯಾಕೆ ಒಂದ್ ನಾಯಿ ಸಾಕು. ಮರ ಹತ್ತಾಕೆ ನೀನೇ ಬೇಕು."

ಮಾರನೆಯ ಬೆಳಿಗ್ಗೆ ಗಂಗಾಧರಯ್ಯನ ತೋಟದಲ್ಲಿ ಎಲ್ಲಕ್ಕಿಂತ ಎತ್ತರದ ಮರದ ಗರಿಗಳ ನಡುವೆ ಕೂತು ಶಿವಮೂರ್ತಿ ಕೆಳಗೆ ನೋಡಿದ. ಹದಿನೆಂಟು ವರ್ಷ ಅಲ್ಲಿಂದ ಅವನಿಗೆ ಕಂಡಿದ್ದು ಹೆಂಡತಿಯ ತುರುಬು ಮಾತ್ರ. ಇವತ್ತು ಮುಖ ಕಂಡಿತು. ಕುಡುಗೋಲು ಹಿಡಿದ ಕೈ ಹಾಗೇ ನಿಂತಿತು.

"ನನ್ನೇನ್ ನೋಡ್ತೀಯ, ಕಾಯಿ ಕೆಡವು," ಕೆಳಗಿನಿಂದ ಅಂಕಮ್ಮ ಕೂಗಿದಳು. "ನೋಡೋ ಸರದಿ ಇವತ್ತು ನಂದು."