ಹನ್ನೆರಡು ಕೆಂಪು ಚುಕ್ಕೆ

"ಅಣ್ಣಾ, ಸ್ವಲ್ಪ ಇಲ್ಲಿ ಬನ್ನಿ. ನೀವು ತಂದ ನೀರಿನ ರಿಪೋರ್ಟ್ ಬಂತು," ಎಂದು ನಕ್ಷೆ ಮಾಡುವ ಹುಡುಗಿ ಕಂಪ್ಯೂಟರನ್ನು ಅವನತ್ತ ತಿರುಗಿಸಿದಳು. ಕೆರೆಯ ಸುತ್ತ ಹನ್ನೆರಡು ಚುಕ್ಕೆ. ಹನ್ನೆರಡೂ ಕಡುಗೆಂಪು.

"ಆರ್ಸೆನಿಕ್ ವಿಷ, ಮಿತಿಗಿಂತ ಇಪ್ಪತ್ತು ಪಟ್ಟು! ವಿಚಿತ್ರ ಏನು ಗೊತ್ತಾ? ಹನ್ನೆರಡು ಕಡೇನೂ ಒಂದೇ ಅಂಕಿ. ಒಂದೇ ಕೊಡದಿಂದ ಬಗ್ಗಿಸಿದ ಹಾಗೆ."

ಬಾಟಲಿಯಣ್ಣ ಪರದೆಯಿಂದ ಕಣ್ಣು ತಪ್ಪಿಸಿದ. ಪರೀಕ್ಷೆಗೆ ಬಾಟಲಿಯಲ್ಲಿ ನೀರು ತುಂಬಿ ತರುವವನಾದ್ದರಿಂದ ಕಚೇರಿಯಲ್ಲಿ ಅವನಿಗೆ ಅದೇ ಹೆಸರು. ನಿಜ ಹೇಳಬೇಕೆಂದರೆ ನೀರು ತರಬೇಕಿದ್ದ ಸೋಮವಾರ ಅವನು ಕೆರೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಮಂಡಿನೋವು ಪ್ರಾಣ ತಿನ್ನುತ್ತಿತ್ತು. ಇಪ್ಪತ್ತು ವರ್ಷದಿಂದ ನೋಡಿದ ಕೆರೆ, ಅದಕ್ಕೇನು ಧಾಡಿ ಎಂದುಕೊಂಡು ಹನ್ನೆರಡೂ ಬಾಟಲಿಯನ್ನು ತನ್ನ ಅಡುಗೆಮನೆಯ ನಲ್ಲಿಯಲ್ಲೇ ತುಂಬಿ, ಕೆರೆಯ ಚೀಟಿ ಅಂಟಿಸಿದ್ದ. ಮುಚ್ಚಳ ಹಾಕಿಕೊಟ್ಟವಳು ಏಳು ವರ್ಷದ ಮಗಳು.

"ಅಪ್ಪಾ, ನಮ್ಮ ಬೆಕ್ಕು ನೀರೇ ಕುಡೀತಿಲ್ಲ. ಬಟ್ಟಲು ಮೂಸುತ್ತೆ, ಆಮೇಲೆ ನಲ್ಲೀನೇ ನೋಡ್ತಾ ಕೂತ್ಬಿಡುತ್ತೆ," ಎಂದು ಅವಳು ಅವತ್ತೇ ಹೇಳಿದ್ದಳು. "ಅದಕ್ಕೆ ಕೊಬ್ಬು ಕಣೇ," ಎಂದು ಅವನು ನಕ್ಕುಬಿಟ್ಟಿದ್ದ. ಮರುದಿನ ಬೆಕ್ಕು ಮನೆ ಬಿಟ್ಟು ಹೋಗಿತ್ತು.

"ಯಾಕಣ್ಣಾ ಹಿಂಗೆ ಬೆವರ್ತಾ ಇದೀರಿ? ಹೆದರ್ಬೇಡಿ, ಕೆರೆ ನೀರು ಬಂದ್ ಮಾಡ್ಸಿದೀವಿ. ಅಲ್ಲಿಯೋರಿಗೆ ಇವತ್ತಿಂದ ಟ್ಯಾಂಕರ್ ನೀರು." ಅವಳು ನಕ್ಷೆಯ ಅಂಚಿನಲ್ಲಿದ್ದ ನೀಲಿ ಚುಕ್ಕೆಯೊಂದನ್ನು ತೋರಿಸಿದಳು. "ಈ ಕೊಳವೆಬಾವಿದು. ಮೂರು ವರ್ಷದ ಹಿಂದೆ ನೋಡಿದಾಗ ಶುದ್ಧವಾಗಿತ್ತು. ಮೊದಲ್ನೇ ಟ್ಯಾಂಕರ್ ತುಂಬ್ತಾ ಇದೆ."

ಅವನ ಮನೆಯ ನಲ್ಲಿಗೆ ನೀರು ಬರುತ್ತಿದ್ದುದು ಅದೇ ಕೊಳವೆಬಾವಿಯಿಂದ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಹಾಳಾಗಿ ಹೋಗಲಿ!

"ನಿಲ್ಸಿ!" ಎಂದು ಅವನು ಅಂಗೈ ಅಡ್ಡ ಹಿಡಿದು ಅರಚಿದ. "ಟ್ಯಾಂಕರ್ ನಿಲ್ಸಿ ಮೇಡಂ! ಕೆರೆಗೆ ಏನೂ ಆಗಿಲ್ಲ. ಹನ್ನೆರಡು ಬಾಟ್ಲೀಲೂ ಇರೋದು ನಮ್ಮನೆ ನೀರು, ಆ ಕೊಳವೆಬಾವಿದೇ."

ಅವಳು ಫೋನ್ ಎತ್ತಿಕೊಂಡು ಎರಡೇ ಮಾತಿನಲ್ಲಿ ಟ್ಯಾಂಕರ್ ನಿಲ್ಲಿಸಿದಳು. ಆಮೇಲೆ ಬೈಯುತ್ತಾಳೆ ಎಂದುಕೊಂಡ. ಬೈಯಲಿಲ್ಲ. ಅವನ ಅಂಗೈಯನ್ನೇ ನೋಡುತ್ತಿದ್ದಳು. ಅದರ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು.

"ಈ ವಿಷ ಕುಡಿದೋರ ಕೈ ಹೀಗೇ ಆಗೋದು ಅಣ್ಣಾ. ಮನೇಲಿ ಇನ್ಯಾರಿಗಾದ್ರೂ..."

ಕೊನೆಯ ಬಾಟಲಿಗೆ ಮುಚ್ಚಳ ಹಾಕಿ ಮಗಳು ಕೈ ಚಾಚಿ ನಕ್ಕಿದ್ದು ಅವನಿಗೆ ನೆನಪಾಯಿತು: "ಅಪ್ಪಾ, ನೋಡು, ನನ್ ಕೈಯೂ ನಿನ್ ಕೈ ಥರಾನೇ ಆಗ್ತಾ ಇದೆ!"