ಶುಕ್ರವಾರ ಹಳದಿಯಾಗುವ ಪಟ್ಟಿ

ಫಕೀರಪ್ಪಜ್ಜನ ಮಣಿಕಟ್ಟಿನಿಂದ ಓಣಿಯ ಆರೋಗ್ಯ ಕಾರ್ಯಕರ್ತೆ ರೇಣವ್ವ ಈರುಳ್ಳಿ ಪೊರೆಯಷ್ಟು ತೆಳುವಾದ, ನೀರು ತಾಗಿದರೆ ಕೆಡುವ ಹ್ಯಾಲೈಡ್ ಪಟ್ಟಿಯನ್ನು ಬಿಡಿಸಿದಳು. ಓಣಿಯ ಮುದುಕರೆಲ್ಲರ ಎದೆಬಡಿತ ಕಾಯುವ ಪಟ್ಟಿ ಅದು. ಅಜ್ಜನದು ಮಾತ್ರ ವಾರವಾರವೂ ಹಳದಿಯಾಗಿ ಸಾಯುತ್ತಿತ್ತು. ಆಮೇಲೆ ಅವನ ಎದೆ ನಿಂತರೂ ಯಾರಿಗೂ ಸುದ್ದಿ ಮುಟ್ಟುವಂತಿರಲಿಲ್ಲ.

“ಮತ್ತ ನೀರಾಗ ಕೈ ಹಾಕೀರಿ, ಅಜ್ಜಾರ.”

“ಮನಿಯಾಕಿಗೆ ಕಣ್ಣ ಕಾಣಂಗಿಲ್ಲ ತಂಗಿ. ಶುಕ್ರವಾರ ತಲಿಗೆ ನಾನ ಎರಿತೀನಿ.”

“ರಬ್ಬರ್ ಗ್ಲೌಸ್ ಕೊಟ್ಟಿದ್ದೆನಲ್ರಿ?”

“ಹಾಕ್ಕೊಂಡಿದ್ದೆ. ‘ಯಾರದು?’ ಅಂತ ಬೆಚ್ಚಿಬಿದ್ಲು.”

ಪಟ್ಟಿ ಕೆಡುವ ಮುಂಚೆ ಬರೆದಿಟ್ಟ ಎದೆಬಡಿತದ ಕೊನೆಯ ಗೆರೆಗಳನ್ನು ರೇಣವ್ವ ತನ್ನ ಫೋನಿನಲ್ಲಿ ನೋಡಿದಳು. ವಾರವೆಲ್ಲ ತಾಳ ತಪ್ಪಿದ್ದ ಬಡಿತ, ಕೊನೆಗೆ ಹೆಂಡತಿಯ ತಲೆಗೆ ಎರೆಯುವಾಗ ಮಾತ್ರ ಒಂದೇ ಸಮನೆ ನಡೆದಿತ್ತು.

ಬೈಯಬೇಕೆಂದು ಬಂದವಳು ಹೊಸ ಪಟ್ಟಿ ಅಂಟಿಸಿ, ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು.

“ಗ್ಲೌಸ್ ಕೊಡ್ರಿ ಇಲ್ಲೆ. ಇನ್ನ ಮುಂದ ಶುಕ್ರವಾರ ಸಂಜಿಗೆ ನಾನ ಬಂದು ಹೊಸಾದು ಹಚ್ಚತೀನಿ.”